ಶಾಸನಪ್ರಮಾಣವೂ ಶರಣಚರಿತ್ರೆಯೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಹಿಂದಿನವರ ಚರಿತ್ರೆಯನ್ನು ತಿಳಿಯುವುದಕ್ಕೆ ಲೋಕದಲ್ಲಿ ಎರಡು ಬಗೆಯ ಸಾಕ್ಷಿಗಳಿರುವುವು. ಬಾಯಿಂದ ಬಾಯಿಗೆ ಇಳಿದು, ಕವಿಗಳ ಓಲೆಯಲ್ಲಿ ನೆಲೆಗೊಂಡ ಪುರಾಣವು ಒಂದು. ಉಳಿಯಿಂದ ಕೊರೆದ ಶಿಲೆ ತಾಮ್ರಗಳು ಮತ್ತೊಂದು. ಇವೆರಡೂ ಒಂದೇ ಮಾತನ್ನಾಡಿದರೆ ಕೇಳುವವರಿಗೆ ಸಂತೋಷ. ಬೇರೆ ಬೇರೆ ಮಾತನ್ನಾಡಿದರೆ ಕಲಹ. ಆಗ ಕೆಲವರು ಪುರಾಣವನ್ನು ಕಟ್ಟುಕಥೆಯೆಂದು ಬದಿಗೊತ್ತುವರು. ಮತ್ತೆ ಕೆಲವರು ಶಿಲೆಯನ್ನು ಪರಮತದವರ ಕೃತ್ರಿಮವೆಂದು ದೂರುವರು. ಎರಡೂ ಅವಸರದ ಮಾತುಗಳೇ ಸರಿ. ಸಾಕ್ಷಿಯನ್ನು ಸ್ವೀಕರಿಸುವ ಮೊದಲು ಅದರ ಯೋಗ್ಯತೆಯನ್ನು ಪರೀಕ್ಷಿಸಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ.

ಶರಣಚರಿತ್ರೆಯ ವಿಷಯದಲ್ಲಿ ಇಂಥ ದೊಡ್ಡದೊಂದು ವಾದವು 19ನೆಯ ಶತಮಾನದ ಕೊನೆಯಲ್ಲಿ ಹುಟ್ಟಿತು. ಲಿಂಗಾಯತರು ಬಹುಕಾಲದಿಂದ ನಂಬಿಬಂದಂತೆ ಬಿಜ್ಜಳನ ಕಾಲದ ಶೈವೋತ್ಕರ್ಷಕ್ಕೆ ಮುಖ್ಯಪುರುಷನು ಬಸವೇಶ್ವರನಲ್ಲ. ಅಬ್ಬಲೂರಿನ ಏಕಾಂತದ ರಾಮಯ್ಯನು. ಇದಕ್ಕೆ ಶಿಲಾಶಾಸನವೇ ಪ್ರಮಾಣ ಎಂಬುದು ಆ ವಾದ. ಇದು ಪರದೇಶಗಳ ವಿಶ್ವಕೋಶಗಳವರೆಗೂ ಹಬ್ಬಿ, ಭಕ್ತಸಮಾಜದ ಮನಸ್ಸಿಗೆ ಬಹಳ ಕಾಲ ನೋವನ್ನುಂಟುಮಾಡಿತು. ಆ ನೋವು ಈಗ ಬಹುಮಟ್ಟಿಗೆ ಆರಿದೆ. ಆದರೆ ಆ ವಾದವನ್ನು ಹೇಗೆ ಗೆಲ್ಲಲಾಯಿತು, ಗೆದ್ದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಅರಿಯದಿದ್ದರೆ ನಾಳೆ ಬೇರೊಂದು ಕಲ್ಲು ದೊರೆತಾಗ ಅದೇ ಕಳವಳವು ಮರಳಿ ಬರುವುದು. ಆದುದರಿಂದ ಪಾಠಶಾಲೆಯ ಕ್ರಮದಂತೆ ಮೊದಲು ಪೂರ್ವಪಕ್ಷವನ್ನೂ ಅನಂತರ ಪರೀಕ್ಷೆಯನ್ನೂ ಕೊನೆಗೆ ಸಿದ್ಧಾಂತವನ್ನೂ ನಿರೂಪಿಸುವುದು ಉಚಿತ.

ಪೂರ್ವಪಕ್ಷ

ಈ ವಾದವನ್ನು ಮುಂದಿಟ್ಟವರು ಜಾನ್ ಫೇತ್‌ಫುಲ್ ಫ್ಲೀಟ್ ಸಾಹೇಬರು. 1847ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡ ಇವರು ಮುಂಬಯಿ ಪ್ರಾಂತದಲ್ಲಿ ಅಧಿಕಾರಿಗಳಾಗಿದ್ದು, ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಬರೆದು ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ, ಹಲಗಲಿಯ ಬೇಡರ ಲಾವಣಿಗಳನ್ನು ಹಾಡುವವರ ಬಾಯಿಂದ ಸಂಗ್ರಹಿಸಿ ಅಚ್ಚುಹಾಕಿಸಿದವರೂ ಇವರೇ. ಕಾಡು ಗುಡಿಗಳಲ್ಲಿ ಬಿದ್ದಿದ್ದ ನೂರಾರು ಶಿಲೆಗಳನ್ನು ಓದಿ ಅರ್ಥಮಾಡಿಕೊಟ್ಟ ಇವರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಇವರ ವಾದವನ್ನು ಖಂಡಿಸುವವರು ಮೊದಲು ಈ ಉಪಕಾರವನ್ನು ಸ್ಮರಿಸಬೇಕು. ಇವರು ದ್ವೇಷದಿಂದ ಬರೆದವರಲ್ಲ. ಕೈಗೆ ದೊರೆತ ಸಾಕ್ಷಿಯಿಂದ ತಮಗೆ ತೋರಿದುದನ್ನು ಬರೆದವರು.

1898–99ರ ಎಪಿಗ್ರಾಫಿಯಾ ಇಂಡಿಕಾ ಐದನೆಯ ಸಂಪುಟದಲ್ಲಿ ಅವರು ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದರು. ಈಗ ಹಾವೇರಿ ಜಿಲ್ಲೆಗೆ ಸೇರಿದ ಆ ಊರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ವಿಸ್ತಾರವಾಗಿ ಹೇಳುವ ಶಾಸನವಿದೆ. ಅದಕ್ಕೆ ಅನುಗುಣವಾಗಿ ಕೆತ್ತಿದ ಶಿಲ್ಪಗಳೂ, ಅವುಗಳನ್ನು ವಿವರಿಸುವ ಕಿರುಬರಹಗಳೂ ಅಲ್ಲಿಯೇ ಇರುವುವು. ಶಾಸನದ ಕಾಲವು ಕ್ರಿ. ಶ. 1200ರ ಸುಮಾರು, ಎಂದರೆ ಬಿಜ್ಜಳನು ಸಿಂಹಾಸನವನ್ನು ಬಿಟ್ಟು ಮೂವತ್ತು ನಲವತ್ತು ವರ್ಷಗಳಷ್ಟೇ ಕಳೆದಿದ್ದವು.

ಫ್ಲೀಟರ ವಾದಸರಣಿಯಲ್ಲಿ ಮೂರು ಅಂಗಗಳನ್ನು ಗುರುತಿಸಬಹುದು. ಬಿಜ್ಜಳನ ಕಾಲದಲ್ಲಿ ಶೈವಮತವನ್ನು ಎತ್ತಿಹಿಡಿದ ವೀರನೆಂದು ಸಮೀಪಕಾಲದ ಶಿಲೆಯು ಏಕಾಂತದ ರಾಮಯ್ಯನನ್ನು ಹೆಸರಿಸುತ್ತದೆ ಎಂಬುದು ಮೊದಲನೆಯದು. ಬಿಜ್ಜಳನ ಮಂತ್ರಿಯೂ ಹೊಸಧರ್ಮದ ಪ್ರವರ್ತಕನೂ ಆದ ಬಸವಣ್ಣನನ್ನು ಸ್ಪಷ್ಟವಾಗಿ ಹೆಸರಿಸುವ ಶಿಲೆಯು ಆವರೆಗೆ ದೊರೆತಿಲ್ಲ ಎಂಬುದು ಎರಡನೆಯದು. ಬಸವಣ್ಣನ ಕಥೆಯನ್ನು ಹೇಳುವ ಪುರಾಣಗಳು ತಡವಾಗಿ ಹುಟ್ಟಿದವು, ಅವು ಪವಾಡಗಳಿಂದ ತುಂಬಿರುವುವು, ಅವುಗಳ ಕಾಲಗಣನೆ ನಂಬತಕ್ಕುದಲ್ಲ ಎಂಬುದು ಮೂರನೆಯದು. ಇದರ ಜೊತೆಗೆ, ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂಬ ಪ್ರಸಿದ್ಧ ವರ್ತಕಸಮೂಹಕ್ಕೂ ಲಿಂಗಾಯತ ಸಮಾಜದ ಬೆಳೆವಣಿಗೆಗೂ ಸಂಬಂಧವನ್ನು ಅವರು ಊಹಿಸಿದರು. ಪೂರ್ವಪಕ್ಷವು ಇಷ್ಟು. ಇದು ತಳ್ಳಿಹಾಕುವಂಥ ದುರ್ಬಲವಾದವಲ್ಲವೆಂಬುದನ್ನು ಮೊದಲು ಒಪ್ಪಬೇಕು.

ಅಬ್ಬಲೂರಿನ ಶಿಲೆ ಹೇಳುವುದೇನು?

ವಾದಕ್ಕೆ ಆಧಾರವಾದ ಶಿಲೆಯನ್ನೇ ಮೊದಲು ಕೇಳೋಣವಾಗಲಿ. ರಾಮಯ್ಯನು ಆಳಂದೆಯಲ್ಲಿ ಬ್ರಾಹ್ಮಣದಂಪತಿಗಳ ಮಗನಾಗಿ ಹುಟ್ಟಿದನು; ಏಕಾಂತನಿಷ್ಠೆಯಿಂದ ಶಿವನನ್ನು ಪೂಜಿಸಿದುದರಿಂದ ಅವನಿಗೆ ಆ ಹೆಸರಾಯಿತು; ಕ್ಷೇತ್ರಗಳನ್ನು ಸಂಚರಿಸಿ ಹುಲಿಗೆರೆಯ ಸೋಮನಾಥನ ಸನ್ನಿಧಿಗೆ ಬಂದನು; ದೇವರ ಅಪ್ಪಣೆಯಂತೆ ಅಬ್ಬಲೂರಿಗೆ ಹೋದನು. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದವು ಬೆಳೆಯಿತು. ರಾಮಯ್ಯನು ತನ್ನ ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಜೈನರು ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸಬೇಕೆಂದು ಓಲೆಯ ಮೇಲೆ ಪಣವನ್ನು ಬರೆಯಲಾಯಿತು. ರಾಮಯ್ಯನು ಹಾಗೆಯೇ ಮಾಡಿ, ಏಳು ದಿನಗಳ ಮೇಲೆ ತಲೆಯನ್ನು ಮರಳಿ ಪಡೆದನು. ಜೈನರು ಪಣವನ್ನು ನಡೆಸದಿರಲು, ಅವನು ಕಾದಾಡಿ ಬಿಂಬವನ್ನು ಒಡೆದನು. ಜೈನರು ಬಿಜ್ಜಳನಿಗೆ ದೂರುಕೊಟ್ಟರು. ರಾಮಯ್ಯನು ಅರಸನ ಮುಂದೆ ಓಲೆಯನ್ನು ತೋರಿಸಿ, ಅದೇ ಪರೀಕ್ಷೆಗೆ ಮತ್ತೊಮ್ಮೆ ಸಿದ್ಧನೆಂದನು. ಬಿಜ್ಜಳನು ಅವನಿಗೆ ಜಯಪತ್ರವನ್ನೂ ದೇವಾಲಯಕ್ಕೆ ದತ್ತಿಯನ್ನೂ ಕೊಟ್ಟನು. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ, ಹಾನಗಲ್ಲಿನ ಕದಂಬ ಕಾಮದೇವನೂ ದತ್ತಿಗಳನ್ನು ಕೊಟ್ಟರು. ಶಾಸನದ ಸಾರಾಂಶವು ಇಷ್ಟು.

ಇಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ.

ಪುರಾಣದಲ್ಲಿ ಪವಾಡಗಳಿರುವುದರಿಂದ ಅದು ಅಪ್ರಮಾಣವೆನ್ನುವುದಾದರೆ, ಈ ಶಿಲೆಯ ಹೃದಯಭಾಗದಲ್ಲಿಯೂ ಪವಾಡವೇ ಇದೆ. ಪವಾಡವು ನಡೆದುದೋ ಇಲ್ಲವೋ ಎಂಬುದು ಶ್ರದ್ಧೆಯ ವಿಷಯ. ಅದನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ. ಆದರೆ ಓಲೆಯ ಮೇಲಿನ ಪವಾಡಕ್ಕೆ ಒಂದು ತೂಕ, ಕಲ್ಲಿನ ಮೇಲಿನ ಪವಾಡಕ್ಕೆ ಮತ್ತೊಂದು ತೂಕ ಎನ್ನುವುದು ನ್ಯಾಯವಲ್ಲ. ಕಲ್ಲು ಗಟ್ಟಿಯಾಗಿರುವುದರಿಂದ ಅದರ ಮೇಲಿನ ಮಾತೂ ಗಟ್ಟಿಯಾಗುವುದಿಲ್ಲ. ಮಾತಿನ ಗಟ್ಟಿತನವು ಆಡಿದವನು ಯಾರು, ಯಾವಾಗ ಆಡಿದನು, ಯಾವ ಪ್ರಯೋಜನಕ್ಕಾಗಿ ಆಡಿದನು ಎಂಬುದರ ಮೇಲೆ ನಿಂತಿದೆ.

ಎರಡನೆಯದಾಗಿ, ಇದು ಒಂದು ದೇವಾಲಯದ ದತ್ತಿಶಾಸನ. ಆ ದೇವಾಲಯದ ಹಿರಿಮೆಯನ್ನೂ ಅದರ ಭೂಮಿಯ ಹಕ್ಕನ್ನೂ ಸ್ಥಾಪಿಸುವುದು ಇದರ ಉದ್ದೇಶ. ಆ ಹಕ್ಕಿಗೆ ಮೂಲಪುರುಷನು ರಾಮಯ್ಯನಾದುದರಿಂದ ರಾಮಯ್ಯನ ಕಥೆಯೇ ಬಂದಿತು. ಕರ್ಣಾಟಕದ ಶೈವಧರ್ಮಕ್ಕೆಲ್ಲ ಯಾರು ನಾಯಕರೆಂಬ ಪ್ರಶ್ನೆಯನ್ನು ಈ ಶಿಲೆಯು ಕೇಳಿಕೊಂಡೇ ಇಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರವನ್ನು ಹೊರಡಿಸುವುದು ಸಾಕ್ಷಿಯನ್ನು ಪೀಡಿಸಿದಂತೆ.

ಮೂರನೆಯದು, ರಾಮಯ್ಯನನ್ನು ಹಿರಿದುಮಾಡಲು ಬಸವಣ್ಣನನ್ನು ಕಿರಿದುಮಾಡಬೇಕಾದ ಅಗತ್ಯವೇ ಇಲ್ಲ. ಶರಣಸಂಪ್ರದಾಯವು ಏಕಾಂತರಾಮಿತಂದೆಯನ್ನು ಎಂದೂ ಮರೆತಿಲ್ಲ. ‘ಎನ್ನಯ್ಯ ಚೆನ್ನರಾಮ’ ಎಂಬ ಅಂಕಿತದ ಅವನ ವಚನಗಳನ್ನು ಭಕ್ತರು ಕಾಪಾಡಿಕೊಂಡು ಬಂದಿದ್ದಾರೆ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಅವನ ಕಥೆಯೂ ಸೇರಿದೆ. ಶಿಲೆಯಲ್ಲಿ ಅಬ್ಬಲೂರಿನಲ್ಲಿ ನಡೆಯುವ ಆ ಘಟನೆಯು ಪುರಾಣದಲ್ಲಿ ಕಲ್ಯಾಣದಲ್ಲಿ, ಬಸವಣ್ಣನ ಸನ್ನಿಧಿಯಲ್ಲಿ ನಡೆಯುತ್ತದೆ. ಸ್ಥಳದ ವಿಷಯದಲ್ಲಿ ಆ ಊರಿನ ಗುಡಿಯಲ್ಲಿಯೇ ನಿಂತಿರುವ ಶಿಲೆಯ ಮಾತಿಗೆ ಹೆಚ್ಚಿನ ಬೆಲೆಯನ್ನು ಕೊಡುವುದೇ ಯುಕ್ತ. ಪುರಾಣಕವಿಯು ಶರಣರೆಲ್ಲರನ್ನೂ ಬಸವಣ್ಣನ ಸುತ್ತ ಕೂಡಿಸುವ ಹಂಬಲದಿಂದ ಈ ಕಥೆಯನ್ನೂ ಕಲ್ಯಾಣಕ್ಕೆ ತಂದಿರುವಂತೆ ತೋರುತ್ತದೆ. ಹೀಗೆಂದು ಒಪ್ಪುವುದರಿಂದ ಭಕ್ತಿಗೆ ಏನೂ ಕೊರತೆಯಾಗುವುದಿಲ್ಲ.

ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವೇ?

ಈಗ ವಾದದ ಎರಡನೆಯ ಅಂಗ: ಶಿಲೆಗಳಲ್ಲಿ ಬಸವಣ್ಣನ ಹೆಸರಿಲ್ಲ, ಆದುದರಿಂದ ಅವನ ಹಿರಿಮೆ ಹಿಂದಿನಿಂದ ಬೆಳೆದ ಕಥೆ. ಈ ಬಗೆಯ ಅನುಮಾನಕ್ಕೆ ಶಾಸ್ತ್ರದಲ್ಲಿ ಅನುಪಲಬ್ಧಿವಿಚಾರವೆಂದು ಹೆಸರು. ಭಾಟ್ಟ ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯನ್ನು ಬೇರೊಂದು ಪ್ರಮಾಣವೆಂದೇ ಎಣಿಸಿದರು. ನೈಯಾಯಿಕರು ಹಾಗೆ ಎಣಿಸಲಿಲ್ಲ. ಆದರೆ ಒಂದು ನಿಯಮವನ್ನು ಎಲ್ಲರೂ ಒಪ್ಪಿದರು. ಬರಿಯ ಅನುಪಲಬ್ಧಿ ಸಾಲದು, ಯೋಗ್ಯಾನುಪಲಬ್ಧಿಯೇ ಬೇಕು. ಬೆಳಕಿರುವ ಕೋಣೆಯಲ್ಲಿ ಕೊಡವು ಇದ್ದಿದ್ದರೆ ಕಾಣಿಸಲೇಬೇಕಾಗಿತ್ತು, ಕಾಣಿಸಲಿಲ್ಲ, ಆದುದರಿಂದ ಕೊಡವಿಲ್ಲ. ಇದು ಸರಿಯಾದ ನಿರ್ಣಯ. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣಿಸಲಿಲ್ಲವಾದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಆದುದರಿಂದ ಕೇಳತಕ್ಕ ಪ್ರಶ್ನೆಯಿದು: 12ನೆಯ ಶತಮಾನದ ಶಿಲಾಶಾಸನವೆಂಬ ಕೋಣೆಯಲ್ಲಿ ಬಸವಣ್ಣನು ಕಾಣಿಸಲೇಬೇಕಾಗಿತ್ತೇ? ಆ ಕಾಲದ ಶಾಸನಗಳನ್ನು ಯಾರು, ಯಾವಾಗ ಹಾಕಿಸುತ್ತಿದ್ದರೆಂಬುದನ್ನು ನೆನೆದರೆ ಉತ್ತರವು ಹೊಳೆಯುವುದು. ದೇವಾಲಯವನ್ನು ಕಟ್ಟಿಸಿ ಭೂಮಿಯನ್ನು ಬಿಟ್ಟಾಗ, ಅಗ್ರಹಾರವನ್ನು ಕೊಟ್ಟಾಗ, ಸುಂಕವನ್ನು ಮಾನ್ಯಮಾಡಿದಾಗ, ಕೆರೆಯನ್ನು ಕಟ್ಟಿಸಿದಾಗ, ಊರ ಕಾಳಗದಲ್ಲಿ ವೀರನು ಮಡಿದಾಗ ಕಲ್ಲನ್ನು ನಿಲ್ಲಿಸುವರು. ಬಸವಣ್ಣನಾದರೋ ದೇಹವನ್ನೇ ದೇಗುಲವೆಂದು ಬೋಧಿಸಿದವನು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವನು. ಸಂಪತ್ತನ್ನು ದಾಸೋಹಕ್ಕೆ ಸವೆಸಿದವನು. ಉಂಡುಹೋದ ಜಂಗಮರ ಲೆಕ್ಕವನ್ನು ಯಾರು ಶಿಲೆಯಲ್ಲಿ ಕೊರೆಸುವರು? ಗುಡಿಗೆ ಕೊಟ್ಟ ಹೊಲಕ್ಕೆ ಶಾಸನ ಬೇಕು. ಹಸಿದವನಿಗೆ ಬಡಿಸಿದ ಅನ್ನಕ್ಕೆ ಶಾಸನ ಬೇಡ. ಇಷ್ಟಲ್ಲದೆ ಕಲ್ಯಾಣದ ಕಾರ್ಯವು ರಾಜಕೋಪದಲ್ಲಿ ಕೊನೆಗೊಂಡಿತೆಂದು ಸಂಪ್ರದಾಯವು ಹೇಳುತ್ತದೆ. ಹಾಗಿದ್ದಲ್ಲಿ ಆ ವಂಶದ ಆಶ್ರಿತರು ಅವನ ಹೆಸರನ್ನು ಹೊಗಳಿ ಬರೆಯುವುದು ದೂರದ ಮಾತು. ಇದು ಬೆಳಕಿನ ಕೋಣೆಯಲ್ಲ. ಇಲ್ಲಿಯ ಅನುಪಲಬ್ಧಿಯು ಯೋಗ್ಯಾನುಪಲಬ್ಧಿಯಲ್ಲ.

ಬಸವಣ್ಣನು ಎಲ್ಲಿ ಕಾಣಿಸಬೇಕಾಗಿತ್ತೋ ಅಲ್ಲಿ, ಎಂದರೆ ಶರಣರ ವಚನಗಳಲ್ಲಿ, ಹೆಜ್ಜೆಹೆಜ್ಜೆಗೂ ಕಾಣಿಸುತ್ತಾನೆ. ಅಲ್ಲಮಪ್ರಭು, ಚನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ ಮೊದಲಾದವರು ತಮ್ಮ ವಚನಗಳಲ್ಲಿ ಅವನನ್ನು ಹೆಸರಿಟ್ಟು ನೆನೆದಿದ್ದಾರೆ. ವಚನಗಳ ಓಲೆಗಳು ಮುಂದಿನ ಶತಮಾನಗಳಲ್ಲಿ ಪ್ರತಿಮಾಡಿದವುಗಳಾದುದರಿಂದ ಒಂದೊಂದು ಪಾಠವನ್ನೂ ಪರೀಕ್ಷಿಸಬೇಕೆಂಬುದು ನಿಜ. ಆದರೂ ಬೇರೆ ಬೇರೆ ಅಂಕಿತಗಳ, ಬೇರೆ ಬೇರೆ ಮನೋಧರ್ಮಗಳ ಇಷ್ಟು ಜನರ ಸಾಕ್ಷ್ಯವು ಒಂದೇ ಕಡೆಗೆ ಕೈತೋರುವಾಗ ಅದನ್ನು ಕಲ್ಪನೆಯೆನ್ನಲಾಗದು. ಫ್ಲೀಟರು ಬರೆಯುವ ಕಾಲಕ್ಕೆ ಈ ಸಾಹಿತ್ಯವು ಬಹುಭಾಗ ಮಠಗಳ, ಮನೆಗಳ ಓಲೆಕಟ್ಟುಗಳಲ್ಲಿಯೇ ಅಡಗಿತ್ತು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದ ಮೇಲೆ, ಈ ಸಾಕ್ಷಿಯು ವಿದ್ವಲ್ಲೋಕದ ಮುಂದೆ ಬಂದಿತು. ಪೂರ್ವಪಕ್ಷಿಯ ನೋಟಕ್ಕೆ ಬೀಳದ ಸಾಕ್ಷಿಗಾಗಿ ಅವರೊಬ್ಬರನ್ನೇ ದೂರುವಂತಿಲ್ಲ. ಓಲೆಗಳನ್ನು ಬಿಚ್ಚದೆ ಪೂಜೆಗಷ್ಟೇ ಇರಿಸಿಕೊಂಡವರ ಪಾಲೂ ಅದರಲ್ಲಿದೆ.

ಮನಗೂಳಿಯ ಬಸವ

ಶಿಲೆಯಲ್ಲಿ ಬಸವಣ್ಣನನ್ನು ಕಾಣಬೇಕೆಂಬ ಆತುರವು ಕೆಲವರನ್ನು ಮತ್ತೊಂದು ತಪ್ಪಿಗೆ ಎಳೆಯಿತು. ವಿಜಯಪುರ ಜಿಲ್ಲೆಯಲ್ಲಿ ಬಾಗೇವಾಡಿಗೆ ಸಮೀಪವಾದ ಮನಗೂಳಿಯಲ್ಲಿ ಬಿಜ್ಜಳನ ಕಾಲದ, ಕ್ರಿ. ಶ. 1161ರ ಒಂದು ಶಾಸನವಿದೆ. ಅಲ್ಲಿ ದೇವಾಲಯವನ್ನು ಸ್ಥಾಪಿಸಿದ ಬಸವನೆಂಬ ಒಬ್ಬ ಶಿವಭಕ್ತನ ವರ್ಣನೆಯಿದೆ. ಹೆಸರು ಅದೇ, ಕಾಲ ಅದೇ, ಅರಸನು ಅವನೇ, ಸೀಮೆಯೂ ಅದೇ. ಇವನೇ ಬಸವೇಶ್ವರನೆಂದು ಊಹಿಸಲು ಇನ್ನೇನು ಬೇಕು? ಹಾಗೆಯೇ ಊಹಿಸಿದವರು ಉಂಟು.

ಆದರೆ ಆ ಶಿಲೆಯ ಬಸವನ ತಂದೆ ಚಂದಿರಾಜ, ತಾಯಿ ಚಂದ್ರಾಂಬಿಕೆ. ಸಂಪ್ರದಾಯದ ಬಸವಣ್ಣನ ತಂದೆ ಮಾದರಸ, ತಾಯಿ ಮಾದಲಾಂಬಿಕೆ. ಮನಗೂಳಿಯ ಬಸವನನ್ನೇ ಬಸವೇಶ್ವರನೆಂದು ಒಪ್ಪಿದರೆ ಮಾತಾಪಿತೃಗಳ ಹೆಸರುಗಳನ್ನೆಲ್ಲ ಅಲ್ಲಗಳೆಯಬೇಕು. ಒಂದು ಕಲ್ಲಿನ ಆಸರೆಗಾಗಿ ಪರಂಪರೆಯ ಮನೆಯನ್ನೇ ಕೆಡವಿದಂತಾಗುವುದು. ಬಸವನೆಂಬುದು ಆ ಕಾಲದ ಶೈವರಲ್ಲಿ ಒಬ್ಬನಿಗಷ್ಟೇ ಮೀಸಲಾದ ಹೆಸರಲ್ಲ. ನಾಮಸಾಮ್ಯವು ವಸ್ತುವಿನ ಐಕ್ಯಕ್ಕೆ ಹೇತುವಾಗಲಾರದು, ಅದು ಹೇತ್ವಾಭಾಸ. ಅನುಕೂಲವಾದ ಸಾಕ್ಷಿಯನ್ನು ಪ್ರತಿಕೂಲವಾದ ಸಾಕ್ಷಿಗಿಂತ ಹೆಚ್ಚು ಕಠಿನವಾಗಿ ಪರೀಕ್ಷಿಸಬೇಕು. ಏಕೆಂದರೆ ಅದರಲ್ಲಿ ಮನಸ್ಸು ಮೊದಲೇ ಸೋತಿರುತ್ತದೆ.

ಅರ್ಜುನವಾಡದ ಶಿಲೆ

ಮುಂದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನವು ಬೆಳಕಿಗೆ ಬಂದು, 1930ರ ದಶಕದಲ್ಲಿ ಎಪಿಗ್ರಾಫಿಯಾ ಇಂಡಿಕಾದಲ್ಲಿಯೇ ಪ್ರಕಟವಾಯಿತು. ಫ್ಲೀಟರ ವಾದವು ಯಾವ ಪತ್ರಿಕೆಯಲ್ಲಿ ಹೊರಬಿದ್ದಿತೋ ಅದೇ ಪತ್ರಿಕೆಯಲ್ಲಿ ಅದರ ಉತ್ತರವೂ ಬಂದುದು ವಿದ್ವತ್ತಿನ ನಿಷ್ಪಕ್ಷಪಾತಕ್ಕೆ ಒಳ್ಳೆಯ ನಿದರ್ಶನ. ಈ ಶಾಸನವು ಸೇವುಣರ ಕನ್ನರದೇವನ ಆಳ್ವಿಕೆಯದು. ಶಕವರ್ಷ 1182, ಎಂದರೆ ಕ್ರಿ. ಶ. 1260. ಇದರಲ್ಲಿ ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನ, ಸಂಗನಬಸವನ ಉಲ್ಲೇಖವಿದೆ. ಅವನ ಅಣ್ಣನಾದ ದೇವರಾಜನ ವಂಶದಲ್ಲಿ ಬಂದ ಹಾಲಬಸವಿದೇವನಿಗೆ ಸಂಬಂಧಿಸಿದ ದತ್ತಿಯೇ ಇದರ ವಿಷಯ.

ಇಲ್ಲಿ ಊರು ಹೊಂದುತ್ತದೆ, ತಂದೆಯ ಹೆಸರು ಹೊಂದುತ್ತದೆ, ಕೂಡಲಸಂಗನ ಸಂಬಂಧವನ್ನು ಸೂಚಿಸುವ ‘ಸಂಗನಬಸವ’ ಎಂಬ ಹೆಸರೂ ಹೊಂದುತ್ತದೆ. ಮನಗೂಳಿಯಲ್ಲಿ ಹೆಸರೊಂದೇ ಕೂಡಿತ್ತು. ಇಲ್ಲಿ ಲಕ್ಷಣಗಳೆಲ್ಲ ಒಟ್ಟಿಗೆ ಕೂಡಿವೆ. ಪುರಾಣವು ಹೇಳಿದ ವಂಶವೃತ್ತಾಂತಕ್ಕೆ ಶಿಲೆಯ ಸಮ್ಮತಿ ದೊರೆತುದು ಹೀಗೆ. ಇದನ್ನೂ ಇತರ ಶಾಸನಗಳನ್ನೂ ಆಧರಿಸಿ ಪಿ. ಬಿ. ದೇಸಾಯಿಯವರು 1968ರಲ್ಲಿ ಬಸವೇಶ್ವರನನ್ನೂ ಅವನ ಕಾಲವನ್ನೂ ಕುರಿತ ಗ್ರಂಥವನ್ನು ಬರೆದರು. ಎಂ. ಎಂ. ಕಲಬುರ್ಗಿಯವರು ಶಾಸನಗಳಲ್ಲಿ ಬರುವ ಶಿವಶರಣರ ಉಲ್ಲೇಖಗಳನ್ನು ಕೂಡಿಸಿ ವಿವೇಚಿಸಿದರು. ಕತ್ತಲೆಯೆಂದಿದ್ದ ಕೋಣೆಗೆ ಹೀಗೆ ಒಂದೊಂದಾಗಿ ದೀಪಗಳು ಬಂದವು.

ಆದರೂ ಈ ಶಿಲೆಗೂ ಮೇಲಿನ ಪರೀಕ್ಷೆಯನ್ನೇ ಒಡ್ಡಬೇಕು. ಇದು ಬಸವಣ್ಣನ ಕಾಲಕ್ಕೆ ಸುಮಾರು ನೂರು ವರ್ಷಗಳ ತರುವಾಯದ್ದು. ಅವನ ವಂಶದವನೆನ್ನಿಸಿಕೊಂಡವನಿಗೆ ಸಂಬಂಧಿಸಿದ ದತ್ತಿಯಾದುದರಿಂದ ಆ ವಂಶದ ಕೀರ್ತಿಯನ್ನು ಹೇಳುವುದರಲ್ಲಿ ಪ್ರಯೋಜನವೂ ಇತ್ತು. ಆದುದರಿಂದ ಇದರಿಂದ ಸಿದ್ಧವಾಗುವುದು ಇಷ್ಟೇ: ನೂರು ವರ್ಷಗಳೊಳಗೆ ಬಾಗೇವಾಡಿಯ ಮಾದಿರಾಜನ ಮಗ ಬಸವನು ರಾಜಾಧಿಕಾರಿಗಳೂ ಗೌರವಿಸುವಷ್ಟು ಪೂಜ್ಯನಾಗಿದ್ದನು, ಅವನ ಮನೆತನದ ನೆನಪು ಮಾಸಿರಲಿಲ್ಲ. ಕಲ್ಯಾಣದಲ್ಲಿ ನಡೆದುದೆಲ್ಲವೂ ಇದರಿಂದ ಸಿದ್ಧವಾಗದು. ಆದರೆ ಬಸವಣ್ಣನು ಹಿಂದಿನಿಂದ ಕಲ್ಪಿತನಾದವನೆಂಬ ಶಂಕೆಗೆ ಇಷ್ಟೇ ಉತ್ತರವು ಸಾಕಾಗುವುದು.

ಪುರಾಣಗಳ ತಾರತಮ್ಯ

ಪುರಾಣಗಳೆಲ್ಲ ತಡವಾದವು ಎಂಬ ಮೂರನೆಯ ಅಂಗವನ್ನು ಇನ್ನು ನೋಡತಕ್ಕುದು. ಇಲ್ಲಿ ತಾರತಮ್ಯವನ್ನು ತಿಳಿಯಬೇಕು. ಭೀಮಕವಿಯ ಕನ್ನಡ ಬಸವಪುರಾಣವು 1369ರದು. ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವು 1584ರದು. ಬಸವಣ್ಣನ ಕಾಲಕ್ಕೂ ಅದಕ್ಕೂ ನಾಲ್ಕು ಶತಮಾನಗಳ ಅಂತರವಿದೆ. ಹರಿಹರನ ಬಸವರಾಜದೇವರ ರಗಳೆಯಾದರೋ ಬಹಳ ಹಿಂದಿನದು. ಆ ಕವಿಯು ಕ್ರಿ. ಶ. 1200ರ ಸುಮಾರಿನವನೆಂದು ಬಹುಮಂದಿ ವಿದ್ವಾಂಸರ ಮತ. ಎಂದರೆ ಅಬ್ಬಲೂರಿನ ಶಿಲೆಯೂ ಈ ರಗಳೆಯೂ ಹೆಚ್ಚುಕಡಿಮೆ ಒಂದೇ ಕಾಲದವು.

ಹರಿಹರನ ಕಾವ್ಯದಲ್ಲಿ ಒಂದು ಸೂಕ್ಷ್ಮವಿದೆ. ತರುವಾಯದ ಪುರಾಣಗಳೆಲ್ಲ ಬಿಜ್ಜಳನನ್ನು ಕಲ್ಯಾಣದಲ್ಲಿ ಇರಿಸಿದರೆ, ಹರಿಹರನ ಬಸವಣ್ಣನು ಕೂಡಲಸಂಗಮದಿಂದ ಹೊರಟು ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗುತ್ತಾನೆ. ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಈ ಮಂಗಳವೇಢೆಯು ಕಳಚುರಿಗಳ ಮೂಲ ನೆಲೆಯಾಗಿದ್ದಿತೆಂದು ಶಾಸನಗಳಿಂದ ತಿಳಿದುಬರುತ್ತದೆ. ಕಲ್ಯಾಣದ ಪ್ರಭೆಯಲ್ಲಿ ಮರೆಯಾಗಬಹುದಾಗಿದ್ದ ಈ ಸಂಗತಿಯನ್ನು ಕವಿಯು ಸರಿಯಾಗಿ ಹಿಡಿದಿರುವುದರಿಂದ ಅವನಿಗೆ ಒಳ್ಳೆಯ ಹಳೆಯ ಆಧಾರವಿದ್ದಿತೆಂದು ಊಹಿಸಬಹುದು. ಭಕ್ತಿಯಿಂದ ಹಾಡಿದ ಕವಿಯೂ ಇತಿಹಾಸಕ್ಕೆ ಸಾಕ್ಷಿಯಾಗಬಲ್ಲನೆಂಬುದಕ್ಕೆ ಇದು ದೃಷ್ಟಾಂತ.

ಬಿಜ್ಜಳನ ಅಂತ್ಯ

ಪರರ ವಾದಕ್ಕೆ ಒಡ್ಡಿದ ನಿಯಮವನ್ನು ಸ್ವಪಕ್ಷಕ್ಕೂ ಒಡ್ಡದಿದ್ದರೆ ಅದು ವಿತಂಡವಾಗುವುದು. ಬಿಜ್ಜಳನ ಮರಣದ ವಿಷಯವನ್ನು ತೆಗೆದುಕೊಳ್ಳಬಹುದು. ಹರಳಯ್ಯ ಮಧುವಯ್ಯಗಳ ಮೇಲೆ ನಡೆದ ಕ್ರೌರ್ಯಕ್ಕೆ ಪ್ರತಿಯಾಗಿ ಜಗದೇವ ಮೊದಲಾದವರು ಅರಸನನ್ನು ಕೊಂದರೆಂದು ಶೈವಪುರಾಣಗಳು ಹೇಳುತ್ತವೆ. ಧರಣಿಪಂಡಿತನ ಬಿಜ್ಜಳರಾಯಚರಿತೆಯೆಂಬ ಜೈನಕಾವ್ಯವು ಅರಸನು ವಿಷಪ್ರಯೋಗದಿಂದ ಸತ್ತನೆಂದೂ, ಬಸವಣ್ಣನು ಓಡಿಹೋಗಿ ಬಾವಿಗೆ ಬಿದ್ದನೆಂದೂ ಹೇಳುತ್ತದೆ. ಶಾಸನಗಳಲ್ಲಿಯಾದರೋ 1167ರ ಸುಮಾರಿನಲ್ಲಿ ಬಿಜ್ಜಳನು ಮಗನಾದ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದುದು ಕಾಣುತ್ತದೆ, ಕೊಲೆಯ ಮಾತಿಲ್ಲ.

ಶಾಸನಗಳಲ್ಲಿ ಕೊಲೆಯಿಲ್ಲವಾದುದರಿಂದ ಕೊಲೆಯೇ ನಡೆಯಲಿಲ್ಲವೆನ್ನಬಹುದೇ? ರಾಜವಂಶವನ್ನು ಹೊಗಳುವ ಶಾಸನದಲ್ಲಿ ಅದರ ಅವಮಾನಕ್ಕೆ ಸ್ಥಳವಿರುವುದಿಲ್ಲ. ಆದುದರಿಂದ ಇಲ್ಲಿಯೂ ಅನುಪಲಬ್ಧಿಯು ಯೋಗ್ಯವಲ್ಲ, ನಡೆಯಲಿಲ್ಲವೆಂದು ಸಿದ್ಧವಾಗದು. ಆದರೆ ನಡೆಯಿತೆಂದೂ ಸಿದ್ಧವಾಗದು. ಎರಡು ಮತಗಳ ಕವಿಗಳು ಎದುರುಬದುರಾಗಿ ನಿಂತು, ಒಬ್ಬನು ಶರಣರ ಶೌರ್ಯವನ್ನೂ ಮತ್ತೊಬ್ಬನು ಶರಣರ ವಂಚನೆಯನ್ನೂ ಹಾಡಿರುವರು. ಜೈನಕವಿಯು ಬಹುಕಾಲದ ತರುವಾಯದವನೆಂದು ಅವನ ಮಾತನ್ನು ಬಿಡುವುದಾದರೆ, ಅಷ್ಟೇ ತಡವಾದ ಶೈವಪುರಾಣದ ಮಾತನ್ನೂ ಅಳೆದೇ ಸ್ವೀಕರಿಸಬೇಕು. ದಯೆಯೇ ಧರ್ಮದ ಮೂಲವೆಂದ ಗುರುವಿನ ಶಿಷ್ಯರು ಅರಸನ ರಕ್ತದಿಂದ ತಮ್ಮ ಧರ್ಮದ ವಿಜಯವನ್ನು ಸಾಧಿಸಬೇಕಾಗಿಲ್ಲ. ಈ ಪ್ರಶ್ನೆಯನ್ನು ಸಂದಿಗ್ಧವೆಂದೇ ಬಿಡುವುದು ಪಂಡಿತಧರ್ಮ.

ಕೃತಕ ಪ್ರಮಾಣಗಳು

ಪ್ರಾಚೀನತೆಯ ಆಸೆಯು ಕೆಲವು ವೇಳೆ ಸಾಕ್ಷಿಯನ್ನೇ ಸೃಷ್ಟಿಸುವುದೂ ಉಂಟು. ಶಿವಮೊಗ್ಗ ಜಿಲ್ಲೆಯ ಗೌಜ, ಕುಪ್ಪಗದ್ದೆ, ಬೇಗೂರುಗಳ ತಾಮ್ರಪಟಗಳು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಪಾಂಡವರ ಮೊಮ್ಮಗನ ಮಗನಾದ 'ಜನಮೇಜಯ ಚಕ್ರವರ್ತಿಯು ಸರ್ಪಯಾಗದ ಸಂದರ್ಭದಲ್ಲಿ ಕೊಟ್ಟ ದತ್ತಿ'ಯೆಂದು ಅವು ಹೇಳಿಕೊಳ್ಳುತ್ತವೆ. ಆದರೆ ಅವುಗಳ ಲಿಪಿಯೂ ಭಾಷೆಯೂ ಮಧ್ಯಯುಗದವು, ಕಲಿಯುಗದ ಆದಿಯವಲ್ಲ. ಹೀಗೆ ತಮ್ಮ ಹಕ್ಕನ್ನು ಹಳೆಯದಾಗಿಸಲು ಬರೆಸಿಕೊಂಡ ಕೂಟಶಾಸನಗಳು ದೇಶದಲ್ಲಿ ಹಲವು. ಅವುಗಳನ್ನು ಗುರುತಿಸುವ ಕ್ರಮವನ್ನು ಗಟ್ಟಿಗೊಳಿಸಿದವರಲ್ಲಿ ಫ್ಲೀಟರೂ ಒಬ್ಬರು.

ಈ ಮಾತು ಯಾವುದೋ ಒಂದು ಜಾತಿಗೆ, ಒಂದು ಮತಕ್ಕೆ ಸೇರಿದುದಲ್ಲ. ಪ್ರತಿಯೊಂದು ಪೀಠಕ್ಕೂ ಪ್ರತಿಯೊಂದು ಮನೆತನಕ್ಕೂ ತನ್ನ ಮೂಲವನ್ನು ಯುಗಗಳ ಹಿಂದಕ್ಕೆ ಒಯ್ಯುವ ಆಸೆಯಿರುತ್ತದೆ. ವೀರಶೈವಮತವು ಬಸವಣ್ಣನಿಗಿಂತ ಹಿಂದಿನದೋ, ಅವನಿಂದಲೇ ರೂಪುಗೊಂಡಿತೋ ಎಂಬ ಪ್ರತ್ಯೇಕವಾದ ಚರ್ಚೆಯಲ್ಲಿಯೂ ಇದೇ ಎಚ್ಚರವಿರಬೇಕು. ಮಠವೊಂದರ ಗೌರವವು ಅದರ ವಯಸ್ಸಿನಿಂದಲ್ಲ. ಅಲ್ಲಿ ನಡೆಯುವ ಜ್ಞಾನದಾಸೋಹ ಅನ್ನದಾಸೋಹಗಳಿಂದ. ಸುಳ್ಳು ಪಟದಿಂದ ಬಂದ ಸಾವಿರ ವರ್ಷಕ್ಕಿಂತ ಸತ್ಯವಾಗಿ ಬಾಳಿದ ಐವತ್ತು ವರ್ಷವು ಮೇಲು.

ಸಿದ್ಧಾಂತ

ಇದುವರೆಗಿನ ವಿಚಾರದಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಏಕಾಂತದ ರಾಮಯ್ಯನು ಚಾರಿತ್ರಿಕ ಪುರುಷನು, ಪೂಜ್ಯನು. ಅಬ್ಬಲೂರಿನ ಶಿಲೆ ಅವನಿಗೆ ಸಾಕ್ಷಿ. ಆದರೆ ಬಸವಣ್ಣನ ಸ್ಥಾನವನ್ನು ಅವನಿಗೆ ಕೊಡಲು ಆ ಶಿಲೆಯಲ್ಲಿ ಆಧಾರವಿಲ್ಲ. ಬಸವಣ್ಣನ ವಿಷಯದಲ್ಲಿ ಶಿಲೆಗಳ ಮೌನವು ಅವನ ಅಭಾವಕ್ಕೆ ಪ್ರಮಾಣವಲ್ಲ. ಮನಗೂಳಿಯ ಬಸವನು ಬೇರೆ; ಅರ್ಜುನವಾಡದ ಸಂಗನಬಸವನು ಭಕ್ತರು ನೆನೆಯುವ ಬಸವಣ್ಣನೇ. ಪುರಾಣಗಳಲ್ಲಿ ಹತ್ತಿರದವನ್ನು ಹೆಚ್ಚಾಗಿಯೂ ದೂರದವನ್ನು ಎಚ್ಚರದಿಂದಲೂ ನಂಬತಕ್ಕುದು. ಸಂದಿಗ್ಧವಾದುದನ್ನು ಸಂದಿಗ್ಧವೆಂದೇ ಹೇಳತಕ್ಕುದು.

ಇನ್ನೊಂದು ಮಾತು. ಅಬ್ಬಲೂರಿನ ಗೋಡೆಯ ಮೇಲೆ ಜಿನಬಿಂಬವನ್ನು ಒಡೆಯುವ ಚಿತ್ರವಿದೆ. ಅದು ಗೆದ್ದವರು ಕೆತ್ತಿಸಿದ ಚಿತ್ರ. ಆ ಶಿಲೆಯಲ್ಲಿ ವಾದಿಯ ಹೇಳಿಕೆಯಿದೆ, ಪ್ರತಿವಾದಿಯ ಹೇಳಿಕೆಯಿಲ್ಲ. ಪಂಪ, ರನ್ನರನ್ನು ಕೊಟ್ಟ ಜೈನಧರ್ಮವು ಕನ್ನಡಕ್ಕೆ ಮಾಡಿದ ಉಪಕಾರವು ಅಪಾರ. ಎಂಟು ಶತಮಾನಗಳ ಹಿಂದಿನ ಕಲಹವನ್ನು ಚರಿತ್ರೆಯೆಂದು ಓದಬೇಕೇ ಹೊರತು ಇಂದಿನ ನೆರೆಯವರನ್ನು ಹಳಿಯುವ ಆಯುಧವೆಂದು ಹಿಡಿಯಬಾರದು. ಶಿಲೆಯು ನಡೆದುದನ್ನು ಹೇಳಬಲ್ಲುದು. ನಡೆಯಬೇಕಾದುದನ್ನು ಕಲಿಸುವುದು ವಚನ.

ಭಕ್ತರು ಮಾಡಬಹುದಾದ ಸೇವೆಯೂ ಇಲ್ಲಿದೆ. ಊರೂರಿನ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರದ ಕಲ್ಲುಗಳು ಈಗಲೂ ಬಿದ್ದಿರುವುವು. ಬಟ್ಟೆ ಒಗೆಯುವ ಬಂಡೆಯಾಗಿ, ಮೆಟ್ಟಿಲಾಗಿ ಸವೆದುಹೋದವು ಎಷ್ಟೋ. ಜೀರ್ಣೋದ್ಧಾರವೆಂದು ಸುಣ್ಣ, ಬಣ್ಣ, ಸಿಮೆಂಟುಗಳನ್ನು ಬಳಿದು ಅಕ್ಷರಗಳನ್ನು ಮುಚ್ಚುವುದು ಭಕ್ತಿಯ ಹೆಸರಿನಲ್ಲಿ ನಡೆಯುವ ಅಪಚಾರ. ಅಂಥ ಕಲ್ಲು ಕಂಡರೆ ಅದನ್ನು ಅಲುಗಿಸದೆ, ಉಜ್ಜದೆ, ಬಲ್ಲವರಿಗೆ ತಿಳಿಸಬೇಕು. ಮನೆಯ ಜಗುಲಿಯಲ್ಲಿ ಅಜ್ಜಂದಿರ ಕಾಲದಿಂದ ಕಟ್ಟಿಟ್ಟ ಓಲೆಯ ಕಟ್ಟುಗಳಿದ್ದರೆ ಅವುಗಳಿಗೆ ವಿಭೂತಿಯನ್ನಿಟ್ಟು ಕೈಮುಗಿದರೆ ಸಾಲದು; ಬಿಚ್ಚಿ ಓದಿಸಬೇಕು, ಹುಳುವಿನಿಂದ ಕಾಪಾಡಬೇಕು. ಆ ಕಲ್ಲು, ಆ ಓಲೆ ಸಂಪ್ರದಾಯಕ್ಕೆ ಅನುಕೂಲವಾಗಿ ನುಡಿಯುವುದೋ ಪ್ರತಿಕೂಲವಾಗಿ ನುಡಿಯುವುದೋ ಎಂದು ಮೊದಲೇ ಅಂಜಬೇಕಾಗಿಲ್ಲ. ಅಬ್ಬಲೂರಿನ ಶಿಲೆಯು ಪ್ರತಿಕೂಲವೆಂದು ಅಂಜಿ ಯಾರಾದರೂ ಅದನ್ನು ಹಿಂದೆಯೇ ಹೂತುಹಾಕಿದ್ದರೆ ಏಕಾಂತರಾಮಿತಂದೆಯ ಹುಟ್ಟೂರನ್ನೇ ಭಕ್ತರು ಶಿಲೆಯಲ್ಲಿ ಓದಲಾಗುತ್ತಿರಲಿಲ್ಲ.

ಬಸವಣ್ಣನನ್ನು ಶಿಲೆಯು ನಿಲ್ಲಿಸಲಿಲ್ಲ, ಶಿಲೆಯು ಬೀಳಿಸಲಾರದು. ಆದರೆ ಅವನ ಚರಿತ್ರೆಯನ್ನು ಹೇಳುವವರು ಸತ್ಯಕ್ಕೆ ಅಂಜಿದರೆ ಅವನ ಹೆಸರಿಗೆ ಕುಂದು ತಂದಂತಾಗುವುದು. ಶ್ರೀಮಠದ ಈ ಮಂಗಳಮಹೋತ್ಸವವು ಭಕ್ತರಲ್ಲಿ ಶ್ರದ್ಧೆಯನ್ನೂ ವಿಚಾರವನ್ನೂ ಒಟ್ಟಿಗೆ ಬೆಳೆಸಲೆಂದು ಪರಶಿವನಲ್ಲಿ ಪ್ರಾರ್ಥನೆ.

ಶುಭಮಸ್ತು.